ಹೊಸ ಬ್ಯಾಂಡ್ ಹುಡುಕೋದು ಎಲ್ಲಿ? ಕೊಡಗಿನ ಕೇಳುಗರಿಗೊಂದು ಹೋಲಿಕೆ

ಸಿನಿಮಾ ಹಾಡನ್ನು ಯಾರೂ ಹುಡುಕಿಕೊಂಡು ಹೋಗಬೇಕಿಲ್ಲ, ಅದೇ ನಮ್ಮನ್ನು ಹುಡುಕಿಕೊಂಡು ಬರುತ್ತದೆ. ಗೋಣಿಕೊಪ್ಪದ ಬಸ್‌ಸ್ಟ್ಯಾಂಡಿನಲ್ಲಿ, ಮದುವೆ ಮಂಟಪದಲ್ಲಿ, ಮಡಿಕೇರಿ ದಸರಾದ ದಶಮಂಟಪಗಳ ಹಿಂದೆ ಕಟ್ಟಿದ ಸೌಂಡ್ ಬಾಕ್ಸಿನಲ್ಲಿ, ಎಲ್ಲಿ ಹೋದರೂ ಅದೇ. ನಾಲ್ಕು ಜನ ಸೇರಿ, ಯಾವ ದೊಡ್ಡ ಕಂಪನಿಯ ಹಂಗೂ ಇಲ್ಲದೆ, ತಮ್ಮ ದುಡ್ಡು ಹಾಕಿ ರೆಕಾರ್ಡ್ ಮಾಡಿದ ಹಾಡಿಗೆ ಆ ಭಾಗ್ಯವಿಲ್ಲ. ಅದಕ್ಕೆ ಪೋಸ್ಟರ್ ಇಲ್ಲ, ಹೀರೋ ಇಲ್ಲ. ಅದು ಘಾಟಿ ಹತ್ತಿ ನಮ್ಮವರೆಗೆ ಬರುವುದಿದ್ದರೆ ಇಂಟರ್‌ನೆಟ್ ಮೂಲಕವೇ ಬರಬೇಕು. ಲೈವ್ ಆಗಿ ಕೇಳುವ ಆಸೆಯಿದ್ದರೆ ಮೈಸೂರಿಗೋ ಬೆಂಗಳೂರಿಗೋ ಇಳಿಯಬೇಕು. 2012ರಲ್ಲಿ ಸ್ಟಾರ್ಮ್ ಫೆಸ್ಟಿವಲ್ ಎಂಬ ಸಂಗೀತೋತ್ಸವ ಕೊಡಗಿನಲ್ಲೇ ಡೇರೆ ಹಾಕಿಕೊಂಡು ನಡೆದಿತ್ತು. ಆಮೇಲೆ ಅದೂ ಬೆಂಗಳೂರಿನ ದಾರಿ ಹಿಡಿಯಿತು.

ಹಾಗಾದರೆ ಯಾವ ತಾಣ? ‘ಯಾವುದು ಚೆನ್ನಾಗಿದೆ’ ಎಂದು ಕೇಳಿದರೆ ಹತ್ತು ಜನ ಹತ್ತು ಹೆಸರು ಹೇಳುತ್ತಾರೆ. ಅದರ ಬದಲು ಎರಡು ಪ್ರಶ್ನೆ ಇಟ್ಟುಕೊಳ್ಳಿ. ಈ ಹಾಡನ್ನು ನನ್ನ ಮುಂದೆ ತಂದಿಟ್ಟವರು ಯಾರು, ಆ್ಯಪಿನ ಲೆಕ್ಕಾಚಾರದ ಯಂತ್ರವೋ, ಇನ್ನೊಬ್ಬ ಕೇಳುಗನೋ, ಬ್ಯಾಂಡಿನವರೇ ಸ್ವತಃ ಹಾಕಿದ್ದೋ? ಮತ್ತೆ, ರೇಂಜ್ ಹೋದ ಮೇಲೆ ನನ್ನ ಕೈಯಲ್ಲಿ ಏನು ಉಳಿಯುತ್ತದೆ? ಸಿಟಿಯಲ್ಲಿ ಕುಳಿತು ಬರೆದ ಹೋಲಿಕೆಗಳಲ್ಲಿ ಎರಡನೇ ಪ್ರಶ್ನೆ ಬರುವುದೇ ಇಲ್ಲ. ಇಲ್ಲಿ ನನ್ನ ಮಟ್ಟಿಗೆ ತೀರ್ಮಾನವಾಗುವುದೇ ಅದರ ಮೇಲೆ. ಹುಡುಕುವ ಜಾಗ ಒಂದು, ಇಟ್ಟುಕೊಳ್ಳುವ ಜಾಗ ಇನ್ನೊಂದು ಎಂದು ಒಪ್ಪಿಕೊಂಡರೆ ಅರ್ಧ ಗೊಂದಲ ಕಳೆಯುತ್ತದೆ.

ಮಳೆಗಾಲದ ಲೆಕ್ಕ ಮೊದಲು

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮ ಕಡೆ ಯಾವ ಆ್ಯಪ್ ಒಳ್ಳೆಯದು ಎಂದು ನಿರ್ಧರಿಸುವುದು ತೋಟದ ಸಿಲ್ವರ್ ಓಕ್ ಮರ. ಗಾಳಿಗೆ ಕೊಂಬೆಯೊಂದು ಲೈನ್ ಮೇಲೆ ಬಿತ್ತು ಎಂದರೆ ಕರೆಂಟ್ ಹೋಯಿತು. ಇನ್ನು ಕೆಲವು ಗಂಟೆ ಕಳೆದರೆ ಟವರಿನ ಬ್ಯಾಟರಿಯೂ ಇಳಿದು ರೇಂಜೂ ಹೋಯಿತು. ಕಕ್ಕಡದ ಮಳೆಯಲ್ಲಿ ಇದು ಒಂದು ಸಂಜೆಗೆ ಮುಗಿಯುವ ಕತೆಯಲ್ಲ. ಬೇಸಿಗೆಯಲ್ಲೂ ತಗ್ಗಿನ ಮನೆಗಳಲ್ಲಿ ಕಣದ ಒಂದು ಮೂಲೆಗೆ ಹೋಗಿ ನಿಂತರೆ ಮಾತ್ರ ಎರಡು ಕಡ್ಡಿ ಕಾಣಿಸುತ್ತದೆ.

ಡೇಟಾ ಎಷ್ಟು ತಿನ್ನುತ್ತದೆ ಎನ್ನುವುದು ಸುಲಭದ ಗಣಿತ. ಕೆಬಿಪಿಎಸ್ (ಸೆಕೆಂಡಿಗೆ ಹರಿಯುವ ಡೇಟಾ) ಸಂಖ್ಯೆಯನ್ನು 0.45ರಿಂದ ಗುಣಿಸಿದರೆ ಗಂಟೆಗೆ ಎಷ್ಟು ಎಂಬಿ ಎಂದು ಬರುತ್ತದೆ. ಸ್ಪಾಟಿಫೈನ ‘ನಾರ್ಮಲ್’ 96 ಕೆಬಿಪಿಎಸ್, ಅಂದರೆ ಗಂಟೆಗೆ 43 ಎಂಬಿ. ‘ಹೈ’ 160, ಅಂದರೆ 72 ಎಂಬಿ. ‘ವೆರಿ ಹೈ’ 320, ಅಂದರೆ 144 ಎಂಬಿ. ‘ಲೋ’ ಬರೀ 24 ಕೆಬಿಪಿಎಸ್. ಗಂಟೆಗೆ 11 ಎಂಬಿ ಸಾಕು, ಆದರೆ ಡ್ರಮ್‌ನ ತಾಳಗಳು ತಗಡಿನ ಮೇಲೆ ಮಳೆ ಬಿದ್ದ ಹಾಗೆ ಕೇಳಿಸುತ್ತವೆ. ಬ್ಯಾಂಡಿನವರೇ ಹಾಡು ಮಾರುವ ತಾಣ ಬ್ಯಾಂಡ್‌ಕ್ಯಾಂಪ್‌ನಲ್ಲಿ ಕೊಳ್ಳದೆ ಕೇಳುವ ಹಾಡು 128 ಕೆಬಿಪಿಎಸ್ ಎಂಪಿ3, ಗಂಟೆಗೆ ಸುಮಾರು 58 ಎಂಬಿ. ಯೂಟ್ಯೂಬ್ ವಿಡಿಯೊ 360ಪಿಯಲ್ಲಿ ಓಡಿದರೂ ಗಂಟೆಗೆ ಸುಮಾರು 300 ಎಂಬಿ ಹೋಗುತ್ತದೆ. ದಿನಕ್ಕೆ ಒಂದೂವರೆ ಜಿಬಿ ಪ್ಯಾಕ್ ಇದ್ದವರಿಗೆ ಆಡಿಯೊ ಎಷ್ಟು ಕೇಳಿದರೂ ಮುಗಿಯುವುದಿಲ್ಲ, ವಿಡಿಯೊ ಮಧ್ಯಾಹ್ನದೊಳಗೆ ಮುಗಿಸಿಬಿಡುತ್ತದೆ.

ಆದರೆ ನಮ್ಮ ತೊಂದರೆ ಡೇಟಾ ಮುಗಿಯುವುದಲ್ಲ, ಡೇಟಾ ಬಾರದಿರುವುದು. ಆದ್ದರಿಂದ ಆಫ್‌ಲೈನ್ ನಿಯಮ ಓದಿಕೊಳ್ಳಿ. ಸ್ಪಾಟಿಫೈನಲ್ಲಿ ಆಫ್‌ಲೈನ್ ಸೌಲಭ್ಯವಿರುವ ಚಂದಾ ಕಟ್ಟಿದವರು ಒಂದು ಸಾಧನದಲ್ಲಿ 10,000 ಹಾಡುಗಳವರೆಗೆ ಇಳಿಸಿಕೊಳ್ಳಬಹುದು. ಆದರೆ 30 ದಿನಕ್ಕೊಮ್ಮೆಯಾದರೂ ನೆಟ್‌ಗೆ ಬಂದು ಮುಖ ತೋರಿಸಬೇಕು, ಇಲ್ಲವಾದರೆ ಬಾಗಿಲು ಮುಚ್ಚುತ್ತದೆ. ಚಂದಾ ನಿಲ್ಲಿಸಿದರಂತೂ ಇಳಿಸಿದ್ದೆಲ್ಲ ಹೋಯಿತು. ಬ್ಯಾಂಡ್‌ಕ್ಯಾಂಪ್‌ನಲ್ಲಿ ಕೊಂಡ ಹಾಡು ಫೈಲ್ ಆಗಿಯೇ ಸಿಗುತ್ತದೆ. ಫೋನಿಗೆ, ಪೆನ್‌ಡ್ರೈವ್‌ಗೆ, ಜೀಪಿನ ಸ್ಟೀರಿಯೊಗೆ ಎಲ್ಲಿಗೆ ಬೇಕಾದರೂ ಹಾಕಿಕೊಳ್ಳಿ, ಯಾರೂ ಕೇಳುವುದಿಲ್ಲ. (ಜೀಪಿಗೆ ಹಾಕುವವರು ಎಂಪಿ3 ಇಳಿಸಿಕೊಳ್ಳಿ. ಹಳೇ ಸ್ಟೀರಿಯೊಗಳು ಫ್ಲ್ಯಾಕ್ ಎಂಬ ದೊಡ್ಡ ಗಾತ್ರದ ಫೈಲ್ ಕಂಡರೆ ಸುಮ್ಮನೆ ಮುಂದಕ್ಕೆ ಹಾರುತ್ತವೆ.)

ಸ್ಪಾಟಿಫೈ ಮತ್ತು ಅದರ ಬಳಗ

ಸ್ಪಾಟಿಫೈ ಭಾರತಕ್ಕೆ ಬಂದದ್ದು 2019ರ ಫೆಬ್ರವರಿಯಲ್ಲಿ, ಯೂಟ್ಯೂಬ್ ಮ್ಯೂಸಿಕ್ ಅದರ ಮರುತಿಂಗಳು. ಹೊಸ ಹಾಡು ಹುಡುಕುವುದೆಂದರೆ ಈಗ ಬಹಳ ಜನರಿಗೆ ಇವೇ. ಸ್ಪಾಟಿಫೈನಲ್ಲಿ ಪ್ರತಿ ಸೋಮವಾರ ‘ಡಿಸ್ಕವರ್ ವೀಕ್ಲಿ’ ಎಂಬ 30 ಹಾಡುಗಳ ಪಟ್ಟಿ ಬರುತ್ತದೆ. 2015ರಿಂದ ಇದೆ. ಶುಕ್ರವಾರ ‘ರಿಲೀಸ್ ರೇಡಾರ್’, ನೀವು ಹಿಂಬಾಲಿಸುವ ಬ್ಯಾಂಡ್‌ಗಳ ಹೊಸ ಹಾಡು. ಏನೂ ಮಾಡದೆ ಕುಳಿತವನ ಮುಂದೆ ಇಷ್ಟು ಬಂದು ಬೀಳುವುದು ಸಣ್ಣ ಮಾತಲ್ಲ.

ಯಂತ್ರ ಇದನ್ನು ಮಾಡುವ ಬಗೆ ತಿಳಿದರೆ ಅದರ ಮಿತಿಯೂ ತಿಳಿಯುತ್ತದೆ. ಎರಡು ಹಾಡುಗಳನ್ನು ಬಹಳ ಜನ ಒಂದೇ ಪಟ್ಟಿಯಲ್ಲಿ ಇಟ್ಟಿದ್ದರೆ, ಮೊದಲನೆಯದನ್ನು ಮೆಚ್ಚಿದ ನಿಮಗೆ ಎರಡನೆಯದೂ ಹಿಡಿಸಬಹುದು ಎಂದು ಅದು ಊಹಿಸುತ್ತದೆ. ಮುಖ್ಯವಾಗಿ ಇಷ್ಟೇ, ಮೇಲೆ ಒಂದಷ್ಟು ಅಲಂಕಾರ. ಹಾಗಾಗಿ ಈಗಾಗಲೇ ಹತ್ತಾರು ಸಾವಿರ ಜನ ಕೇಳುತ್ತಿರುವ ಬ್ಯಾಂಡನ್ನು ಅದು ಚೆನ್ನಾಗಿ ತಲುಪಿಸುತ್ತದೆ. ಮೊನ್ನೆ ಮೊದಲ ಹಾಡು ಹಾಕಿದ, ಯಾರ ಪಟ್ಟಿಯಲ್ಲೂ ಇಲ್ಲದ ಬ್ಯಾಂಡ್ ಅದರ ಕಣ್ಣಿಗೆ ಬೀಳುವುದೇ ಕಷ್ಟ. ಅಂಥದ್ದನ್ನೇ ಹುಡುಕುತ್ತಿದ್ದೀರಾದರೆ ತಪ್ಪು ಬಾಗಿಲು ತಟ್ಟುತ್ತಿದ್ದೀರಿ.

ಇನ್ನೊಂದು ನಮ್ಮ ಮನೆಗಳ ತೊಂದರೆ. ಒಂದೇ ಅಕೌಂಟು, ಅದರಲ್ಲಿ ಮಕ್ಕಳ ಕಾರ್ಟೂನ್ ಹಾಡು, ಅಪ್ಪನ ಭಾವಗೀತೆ, ಅಡುಗೆಮನೆಯ ಸುಪ್ರಭಾತ. ಸೋಮವಾರದ ಪಟ್ಟಿ ಬಂದಾಗ ಯಂತ್ರಕ್ಕೇ ತಲೆ ಕೆಟ್ಟಿರುತ್ತದೆ. ಇದಕ್ಕೆ ಎರಡು ಮದ್ದಿದೆ, ಬಹಳ ಜನಕ್ಕೆ ಗೊತ್ತಿಲ್ಲ. ಬೇರೆಯವರು ಕೇಳುವಾಗ ‘ಪ್ರೈವೇಟ್ ಸೆಷನ್’ ಹಾಕಿ. ಮನೆಯವರ ಪ್ಲೇಲಿಸ್ಟ್‌ಗಳ ಮೇಲೆ ‘ಟೇಸ್ಟ್ ಪ್ರೊಫೈಲ್‌ನಿಂದ ಹೊರಗಿಡಿ’ ಎಂಬ ಆಯ್ಕೆ ಇದೆ, ಅದನ್ನು ಒತ್ತಿ. ಹಾಗೆಯೇ ಆ್ಯಪ್ ಯಾವ ಭಾಷೆ ಎಂದು ಕೇಳಿದಾಗ ಕನ್ನಡ ಒಂದನ್ನೇ ಒತ್ತಿದರೆ ಸಿನಿಮಾ ಹಾಡಿನ ಪ್ರವಾಹ ಬರುತ್ತದೆ. ಕನ್ನಡದ ಮೇಲೆ ಅಭಿಮಾನವಿದ್ದೂ ಇನ್ನೊಂದೆರಡು ಭಾಷೆ ಸೇರಿಸಿ ಎನ್ನಲು ಬೇಜಾರಾಗುತ್ತದೆ, ಆದರೆ ಹುಡುಕಾಟಕ್ಕೆ ಅದೇ ಒಳ್ಳೆಯದು.

ಶಿಫಾರಸು ಎಂದು ಬರುವುದೆಲ್ಲ ನಿಮ್ಮ ರುಚಿ ನೋಡಿಯೇ ಬರುತ್ತದೆ ಎಂದುಕೊಳ್ಳಬೇಡಿ. 2020ರಿಂದ ಸ್ಪಾಟಿಫೈನಲ್ಲಿ ‘ಡಿಸ್ಕವರಿ ಮೋಡ್’ ಇದೆ. ಬ್ಯಾಂಡಿನವರು ಕಡಿಮೆ ರಾಯಲ್ಟಿಗೆ (ಹಾಡು ಓಡಿದ್ದಕ್ಕೆ ಸಿಗುವ ದುಡ್ಡಿಗೆ) ಒಪ್ಪಿದರೆ ಅವರ ಹಾಡನ್ನು ಯಂತ್ರ ಸ್ವಲ್ಪ ಹೆಚ್ಚು ಮುಂದೆ ತಳ್ಳುತ್ತದೆ. 2025ರಲ್ಲಿ ‘ವೆಲ್ವೆಟ್ ಸನ್‌ಡೌನ್’ ಎಂಬ ಬ್ಯಾಂಡಿಗೆ ಸ್ಪಾಟಿಫೈನಲ್ಲಿ ತಿಂಗಳಿಗೆ ಹತ್ತು ಲಕ್ಷಕ್ಕೂ ಹೆಚ್ಚು ಕೇಳುಗರು ಸೇರಿದ್ದರು. ಆಮೇಲೆ ನೋಡಿದರೆ ಅದು ಎಐ ಬಳಸಿ ಮಾಡಿದ ಸಂಗೀತ, ಬ್ಯಾಂಡ್ ಎಂಬುದೇ ಇರಲಿಲ್ಲ. ಯಂತ್ರ ಮಾಡಿದ್ದನ್ನು ಯಂತ್ರವೇ ಶಿಫಾರಸು ಮಾಡಿ ಮನುಷ್ಯರಿಗೆ ಕೇಳಿಸಿತು!

ಹಾಗೆಂದು ಬಿಟ್ಟುಬಿಡಿ ಎನ್ನುತ್ತಿಲ್ಲ. ನಾನು ಸ್ಪಾಟಿಫೈ ಬಳಸುವುದು ಸೋಮವಾರದ ಪಟ್ಟಿಗಾಗಿ ಅಲ್ಲ, ಬ್ಯಾಂಡಿನ ಪುಟದ ಕೆಳಗಿರುವ ‘ಫ್ಯಾನ್ಸ್ ಆಲ್ಸೋ ಲೈಕ್’ ಸಾಲಿಗಾಗಿ. ಬೆಂಗಳೂರಿನ ಪರ್ವಾಜ್‌ನಿಂದ ಶುರು ಮಾಡಿ, ಇಲ್ಲವೇ ದೆಹಲಿಯ ಪೀಟರ್ ಕ್ಯಾಟ್ ರೆಕಾರ್ಡಿಂಗ್ ಕೋ.ನಿಂದ. ಮೊದಲ ಸಾಲಿನಲ್ಲಿ ಗೊತ್ತಿರುವ ಹೆಸರುಗಳೇ ಇರುತ್ತವೆ. ಅಲ್ಲಿಂದ ಕಡಿಮೆ ಕೇಳುಗರಿರುವ ಒಂದನ್ನು ಆರಿಸಿ ಒಳಗೆ ಹೋಗಿ, ಮತ್ತೆ ಅದರೊಳಗೆ. ಮೂರನೇ ಮನೆಯಲ್ಲಿ ಹೊಸಬರು ಸಿಗುತ್ತಾರೆ. ಹಾಡಿನ ಕ್ರೆಡಿಟ್ಸ್‌ನಲ್ಲಿ ಲೇಬಲ್ (ಹಾಡು ಹೊರತಂದ ಕಂಪನಿ) ಹೆಸರು ಯಾವುದು ಎಂದೂ ನೋಡಿಕೊಳ್ಳಿ. ಸಣ್ಣ ಲೇಬಲ್‌ಗಳು ಒಂದೇ ಮನೋಧರ್ಮದ ಬ್ಯಾಂಡ್‌ಗಳನ್ನು ಸೇರಿಸಿಕೊಂಡಿರುತ್ತವೆ.

ಆ್ಯಪಲ್ ಮ್ಯೂಸಿಕ್, ಜಿಯೋಸಾವನ್ ಬಗ್ಗೆ ಹೆಚ್ಚು ಹೇಳಲಿಕ್ಕಿಲ್ಲ. ಮೊದಲನೆಯದು ಕೇಳಲು ಚೆನ್ನಾಗಿದೆ, ಎರಡನೆಯದು ಸಿನಿಮಾ ಹಾಡಿಗೆ ಚೆನ್ನಾಗಿದೆ. ಹೊಸ ಬ್ಯಾಂಡ್ ಹುಡುಕಲು ಎರಡನ್ನೂ ನಾನು ಮುಂದಿಡುವುದಿಲ್ಲ.

ಬ್ಯಾಂಡ್‌ಕ್ಯಾಂಪ್

ನನ್ನ ಪಕ್ಷಪಾತ ಇಲ್ಲಿದೆ, ಮುಚ್ಚಿಡುವುದಿಲ್ಲ. ಮಡಿಕೇರಿಯ ಶುಕ್ರವಾರದ ಸಂತೆಯಲ್ಲಿ ಬೆಳೆದವನೇ ತನ್ನ ರಾಶಿಯ ಹಿಂದೆ ಕುಳಿತು ಮಾರುವ ಹಾಗೆ, ಇಲ್ಲಿ ಬ್ಯಾಂಡಿನವರೇ ತಮ್ಮ ಪುಟ ಕಟ್ಟಿ, ಬೆಲೆ ಇಟ್ಟು, ಹಾಡು ಮಾರುತ್ತಾರೆ. 2008ರಲ್ಲಿ ಶುರುವಾದ ತಾಣ. 2022ರಲ್ಲಿ ಎಪಿಕ್ ಗೇಮ್ಸ್ ಕೊಂಡಿತು, ಮರುವರ್ಷವೇ ಸಾಂಗ್‌ಟ್ರೇಡರ್ ಎಂಬ ಕಂಪನಿಗೆ ಮಾರಿತು, ಆ ಹೊತ್ತಿನಲ್ಲಿ ಸಿಬ್ಬಂದಿಯಲ್ಲಿ ಸುಮಾರು ಅರ್ಧದಷ್ಟು ಜನ ಕೆಲಸ ಕಳೆದುಕೊಂಡರು. ಇಷ್ಟೆಲ್ಲ ಆದರೂ ಅಂಗಡಿಯ ಕ್ರಮ ಬದಲಾಗಲಿಲ್ಲ.

ಇಲ್ಲಿ ಹುಡುಕುವುದಕ್ಕೆ ಮೂರು ದಾರಿ. ಒಂದು, ಟ್ಯಾಗ್. ಬ್ಯಾಂಡಿನವರು ತಮ್ಮ ಸಂಗೀತದ ಬಗೆ ಮತ್ತು ಊರು ಎರಡನ್ನೂ ಬರೆದುಕೊಂಡಿರುತ್ತಾರೆ. ಪೋಸ್ಟ್‌ರಾಕ್ ಮತ್ತು ಬೆಂಗಳೂರು ಎಂದು ಜೋಡಿಸಿ ನೋಡಬಹುದು, ಶೂಗೇಜ್ ಮತ್ತು ಜಕಾರ್ತಾ ಎಂದೂ ನೋಡಬಹುದು. ಊರಿನ ಹಳೇ ಸ್ಪೆಲ್ಲಿಂಗು ಹೊಸ ಸ್ಪೆಲ್ಲಿಂಗು ಎರಡೂ ಬಳಕೆಯಲ್ಲಿವೆ, ಬ್ಯಾಂಗಲೋರ್ ಎಂದೂ ಬೆಂಗಳೂರು ಎಂದೂ ಬೇರೆ ಬೇರೆ ಹುಡುಕಿ. ಕೊಡಗು, ಕೂರ್ಗ್, ಮಡಿಕೇರಿ ಎಂದೂ ಹಾಕಿ ನೋಡಿ, ಆದರೆ ಬಹಳ ನಿರೀಕ್ಷೆ ಬೇಡ. ಓದಲು, ಕೆಲಸ ಮಾಡಲು ಸಿಟಿಗೆ ಹೋದ ನಮ್ಮ ಹುಡುಗರು ಊರಿನ ಜಾಗದಲ್ಲಿ ಬೆಂಗಳೂರು ಎಂದೇ ಬರೆದುಕೊಳ್ಳುವುದುಂಟು. ಎರಡು, ಬ್ಯಾಂಡ್‌ಕ್ಯಾಂಪ್ ಡೈಲಿ. 2016ರಿಂದ ಸಂಪಾದಕರು ಬರೆಯುವ ಲೇಖನಗಳು, ಒಂದು ಊರಿನ ಅಥವಾ ಒಂದು ಪ್ರಕಾರದ ಹತ್ತು ಬ್ಯಾಂಡ್‌ಗಳನ್ನು ಪರಿಚಯಿಸುತ್ತವೆ. ಓದುತ್ತಲೇ ಕೇಳಬಹುದು.

ಮೂರನೆಯದೇ ನಿಜವಾದ ಗಣಿ. ಯಾವುದೇ ಆಲ್ಬಮ್ ಪುಟದಲ್ಲಿ ಅದನ್ನು ಕೊಂಡವರ ಸಣ್ಣ ಸಣ್ಣ ಚಿತ್ರಗಳು ಸಾಲಾಗಿರುತ್ತವೆ. ಒಂದರ ಮೇಲೆ ಒತ್ತಿದರೆ ಆ ವ್ಯಕ್ತಿ ಕೊಂಡದ್ದೆಲ್ಲ ತೆರೆದುಕೊಳ್ಳುತ್ತದೆ. ನಿಮಗೆ ಹಿಡಿಸಿದ, ಯಾರಿಗೂ ಗೊತ್ತಿಲ್ಲದ ಆಲ್ಬಮ್ಮನ್ನು ದುಡ್ಡು ಕೊಟ್ಟು ಕೊಂಡ ಇನ್ನೊಬ್ಬ ಪುಣ್ಯಾತ್ಮ ಪೋಲೆಂಡಿನಲ್ಲೋ ಕೊಚ್ಚಿಯಲ್ಲೋ ಇದ್ದಾನೆ ಎಂದರೆ, ಅವನ ಉಳಿದ ಆಲ್ಬಮ್‌ಗಳಲ್ಲಿ ನಿಮ್ಮದೂ ಒಂದೆರಡು ಇದ್ದೇ ಇರುತ್ತವೆ. ಇಲ್ಲಿ ನೀವು ನೋಡುವುದು ಸುಮ್ಮನೆ ಓಡಿಸಿದ ಹಾಡುಗಳನ್ನಲ್ಲ, ಜೇಬಿಗೆ ಕೈ ಹಾಕಿ ಆರಿಸಿದ್ದನ್ನು. ಯಂತ್ರದ ಲೆಕ್ಕಕ್ಕೂ ಇದಕ್ಕೂ ಇರುವ ವ್ಯತ್ಯಾಸವೆಲ್ಲ ಇದೇ. ಅಂಥ ಒಬ್ಬರನ್ನು ಹಿಂಬಾಲಿಸಿದರೆ ಅವರು ಮುಂದೆ ಕೊಳ್ಳುವುದೂ ನಿಮಗೆ ಕಾಣಿಸುತ್ತದೆ.

ಇಲ್ಲಿಂದ ಮೇಲೆ ಬಂದವರೂ ಇದ್ದಾರೆ. ಅಮೆರಿಕದ ಕಾರ್ ಸೀಟ್ ಹೆಡ್‌ರೆಸ್ಟ್ 2010ರಿಂದ ಒಂದರ ಹಿಂದೊಂದು ಆಲ್ಬಮ್‌ಗಳನ್ನು ಬ್ಯಾಂಡ್‌ಕ್ಯಾಂಪ್‌ನಲ್ಲೇ ಹಾಕುತ್ತಾ ಹೋಯಿತು. ಮ್ಯಾಟಡಾರ್ ಲೇಬಲ್ ಕರೆದು ಸೇರಿಸಿಕೊಂಡದ್ದು 2015ರಲ್ಲಿ. ಐದು ವರ್ಷ ಅದನ್ನು ಹಿಡಿದುಕೊಂಡಿದ್ದವರು ಹೀಗೆ ಪುಟದಿಂದ ಪುಟಕ್ಕೆ ಅಲೆಯುವ ಕೇಳುಗರೇ.

ಇನ್ನು ಕೊಳ್ಳುವ ಪಾಡು. ಡಿಜಿಟಲ್ ಮಾರಾಟದಲ್ಲಿ ತಾಣ 15 ಶೇಕಡಾ ಹಿಡಿಯುತ್ತದೆ, ಟೀಶರ್ಟ್, ರೆಕಾರ್ಡ್, ಕ್ಯಾಸೆಟ್‌ಗಳಲ್ಲಿ 10 ಶೇಕಡಾ. ಪಾವತಿ ಶುಲ್ಕ ಕಳೆದು ಉಳಿದದ್ದು ಬ್ಯಾಂಡಿಗೆ. ಕೋವಿಡ್ ಕಾಲದಲ್ಲಿ, 2020ರ ಮಾರ್ಚ್ 20ರಂದು, ‘ಬ್ಯಾಂಡ್‌ಕ್ಯಾಂಪ್ ಫ್ರೈಡೇ’ ಶುರುವಾಯಿತು. ಆ ದಿನ ತಾಣ ತನ್ನ ಪಾಲು ಬಿಡುತ್ತದೆ. ವರ್ಷದಲ್ಲಿ ಕೆಲವು ಶುಕ್ರವಾರಗಳಂದು ಇದು ನಡೆಯುತ್ತಾ ಬಂದಿದೆ. ಕೊಳ್ಳುವುದಿದ್ದರೆ ಅಂದೇ ಕೊಳ್ಳಿ.

ನಮ್ಮ ತೊಡಕು ಶುರುವಾಗುವುದು ಇಲ್ಲೇ. ಯುಪಿಐ ನಡೆಯುವುದಿಲ್ಲ. ಕಾರ್ಡ್ ಬೇಕು, ಅದರಲ್ಲೂ ವಿದೇಶಿ ವ್ಯವಹಾರ ಆನ್ ಆಗಿರುವ ಕಾರ್ಡ್. ರಿಸರ್ವ್ ಬ್ಯಾಂಕಿನ ನಿಯಮದಂತೆ 2020ರಿಂದ ಹೊಸ ಕಾರ್ಡ್‌ಗಳು ದೇಶದೊಳಗಿನ ಬಳಕೆಗೆ ಮಾತ್ರ ತೆರೆದು ಬರುತ್ತವೆ. ಬ್ಯಾಂಕಿನ ಆ್ಯಪ್‌ಗೆ ಹೋಗಿ ‘ಇಂಟರ್‌ನ್ಯಾಷನಲ್’ ಎಂಬುದನ್ನು ನಾವೇ ಆನ್ ಮಾಡಬೇಕು. ಕೊಂಡ ಮೇಲೆ ಆಫ್ ಮಾಡುವುದೂ ಒಳ್ಳೆಯದೇ. ಡಾಲರ್‌ನಲ್ಲಿ ಕೊಟ್ಟರೆ ಬ್ಯಾಂಕು ವಿನಿಮಯದ ಮೇಲೆ ತನ್ನದೂ ಒಂದಿಷ್ಟು ಸೇರಿಸುತ್ತದೆ. ವಿಚಿತ್ರವೆಂದರೆ, ಐಸ್‌ಲ್ಯಾಂಡಿನ ಬ್ಯಾಂಡಿನಿಂದ ಕೊಳ್ಳುವುದಕ್ಕಿಂತ ಬೆಂಗಳೂರಿನ ಬ್ಯಾಂಡಿನಿಂದ ಕೊಳ್ಳುವುದೇ ಕಷ್ಟ. ಬ್ಯಾಂಡ್‌ಕ್ಯಾಂಪ್ ಕಲಾವಿದರಿಗೆ ಹಣ ತಲುಪಿಸುವುದು ಪೇಪಾಲ್ ಎಂಬ ವಿದೇಶಿ ಪಾವತಿ ಸೇವೆಯ ಮೂಲಕ. ಪೇಪಾಲ್ 2021ರ ಏಪ್ರಿಲ್ 1ರಿಂದ ಭಾರತದೊಳಗಿನ ಪಾವತಿ ಸೇವೆ ನಿಲ್ಲಿಸಿತು. ಹಾಗಾಗಿ ಇಲ್ಲಿಂದ ಇಲ್ಲಿಗೇ ಹಣ ಹೋಗಬೇಕಾದಾಗ ಅಡ್ಡಿಯಾಗುವುದುಂಟು. ಅಂಥ ಹೊತ್ತಿನಲ್ಲಿ ಬ್ಯಾಂಡಿಗೇ ನೇರ ಮೆಸೇಜ್ ಮಾಡಿ ಕೇಳಿ, ಯುಪಿಐ ನಂಬರ್ ಕೊಟ್ಟು ಫೈಲ್ ಕಳಿಸಲು ಒಪ್ಪಿಯಾರು.

ದುಡ್ಡಿಲ್ಲದ ವಿದ್ಯಾರ್ಥಿಗಳಿಗೆ: ‘ನೇಮ್ ಯುವರ್ ಪ್ರೈಸ್’ ಎಂದಿರುವ ಆಲ್ಬಮ್‌ಗಳಲ್ಲಿ ಬ್ಯಾಂಡು ಕನಿಷ್ಠ ಬೆಲೆ ಇಡದಿದ್ದರೆ ಸೊನ್ನೆ ಹಾಕಿಯೂ ಇಳಿಸಿಕೊಳ್ಳಬಹುದು. ಬ್ಯಾಂಡಿಗೆ ತಿಂಗಳಿಗೆ 200 ಉಚಿತ ಡೌನ್‌ಲೋಡ್‌ಗಳನ್ನು ತಾಣವೇ ಕೊಡುತ್ತದೆ. ಅದು ಸಂಕೋಚಪಡುವ ವಿಷಯವಲ್ಲ, ಬ್ಯಾಂಡಿನವರೇ ಇಟ್ಟ ಬೆಲೆ.

ಯೂಟ್ಯೂಬ್

ಡೇಟಾ ತಿನ್ನುವುದರಲ್ಲಿ ಇದರಷ್ಟು ಹೊಟ್ಟೆಬಾಕ ಇನ್ನೊಂದಿಲ್ಲ. ಆದರೆ ಕನ್ನಡಕ್ಕೆ, ಅದಕ್ಕಿಂತ ಹೆಚ್ಚಾಗಿ ಕೊಡವ ತಕ್ಕ್‌ಗೆ ಮತ್ತು ಅರೆಭಾಷೆಗೆ, ಇದನ್ನು ಬಿಟ್ಟರೆ ಗತಿಯಿಲ್ಲ. ದುಡಿಕೊಟ್ಟ್ ಪಾಟ್‌ಗೆ ಗಿಟಾರ್ ಸೇರಿಸಿದ ಪ್ರಯೋಗವಾಗಲಿ, ವಾಲಗದ ಗತ್ತಿಗೆ ಬೀಟ್ ಹಾಕಿದ್ದಾಗಲಿ, ಮೊದಲು ಹತ್ತುವುದು ಯೂಟ್ಯೂಬ್‌ಗೇ. ಎಷ್ಟೋ ಸಲ ಅಲ್ಲೇ ಉಳಿದುಬಿಡುತ್ತದೆ. ಬ್ಯಾಂಡ್‌ಕ್ಯಾಂಪ್‌ನಲ್ಲಿ ಇದನ್ನು ಹುಡುಕಿ ಸಮಯ ಹಾಳು ಮಾಡಬೇಡಿ.

ಸಣ್ಣ ಬ್ಯಾಂಡಿನ ಅದೃಷ್ಟವನ್ನು ಯೂಟ್ಯೂಬಿನ ಯಂತ್ರ ಒಂದೇ ಏಟಿಗೆ ಬದಲಿಸಿದ ಉದಾಹರಣೆಗಳಿವೆ. ನಾರ್ವೆಯ ಬಾಯ್ ಪಾಬ್ಲೊ 2017ರಲ್ಲಿ ಹಾಕಿದ ವಿಡಿಯೊ ಶಿಫಾರಸಿನ ಪಟ್ಟಿಗಳಲ್ಲಿ ಕಾಣಿಸಿಕೊಂಡು ಲೋಕಕ್ಕೆಲ್ಲ ತಲುಪಿತು. ದೆಹಲಿಯ ಬ್ಲಡಿವುಡ್ ಇಲ್ಲೇ ಬೆಳೆದು 2019ರಲ್ಲಿ ಜರ್ಮನಿಯ ವಾಕೆನ್ ಮೆಟಲ್ ಉತ್ಸವದ ವೇದಿಕೆ ಹತ್ತಿತು. ಆದರೆ ಈ ಯಂತ್ರ ನಿಮ್ಮನ್ನು ಬ್ಯಾಂಡಿನ ಮುಂದಿನ ಹಾಡಿಗೆ ಕರೆದೊಯ್ಯುತ್ತದೆ ಎಂಬ ಭರವಸೆಯಿಲ್ಲ. ಒಂದು ಹಾಡು ಮುಗಿದರೆ ಕ್ರಿಕೆಟ್, ಅದು ಮುಗಿದರೆ ಅಡಿಕೆ ರೇಟು.

ಆದ್ದರಿಂದ ಇಲ್ಲಿ ಶಿಫಾರಸನ್ನು ನಂಬದೆ ಚಾನೆಲ್ ನಂಬಿ. ಸಿಯಾಟಲ್‌ನ ಕೆಇಎಕ್ಸ್‌ಪಿ ರೇಡಿಯೊದ ಸ್ಟುಡಿಯೊ ಸೆಷನ್‌ಗಳು, 2008ರಿಂದ ನಡೆಯುತ್ತಿರುವ ಅಮೆರಿಕದ ಎನ್‌ಪಿಆರ್ ರೇಡಿಯೊದ ಟೈನಿ ಡೆಸ್ಕ್, ಷಿಕಾಗೋದ ಆಡಿಯೊಟ್ರೀ. ಇವುಗಳಲ್ಲಿ ಬ್ಯಾಂಡು ಎದುರಿಗೇ ನುಡಿಸುತ್ತದೆ, ಯಾರು ನಿಜವಾಗಿ ನುಡಿಸಬಲ್ಲರು ಎಂದು ಎರಡು ನಿಮಿಷದಲ್ಲಿ ಗೊತ್ತಾಗುತ್ತದೆ. ಕನ್ನಡದ ಮಟ್ಟಿಗೆ ಬೆಂಗಳೂರಿನ ಸ್ವರಾತ್ಮ, ಶಿಶುನಾಳ ಷರೀಫರ ತತ್ತ್ವಪದಗಳನ್ನು 2008ರ ತನ್ನ ಮೊದಲ ಆಲ್ಬಮ್ಮಿನಲ್ಲಿ ಹೊಸ ಮೈಯಲ್ಲಿ ತಂದ ರಘು ದೀಕ್ಷಿತ್ ಪ್ರಾಜೆಕ್ಟ್, ಕರ್ನಾಟಕ ಸಂಗೀತವನ್ನು ರಾಕ್ ಜೊತೆ ಹೆಣೆಯುವ ಅಗಮ್, ಇವರ ಲೈವ್ ವಿಡಿಯೊಗಳಿಂದ ಶುರು ಮಾಡಬಹುದು. ಇವರು ಹೊಸಬರಲ್ಲ, ನಿಜ. ಹೊಸಬರ ಹೆಸರು ಸಿಗುವುದು ಇವರ ಜೊತೆ ವೇದಿಕೆ ಹಂಚಿಕೊಂಡವರಲ್ಲಿ, ಇವರ ಹಾಡಿಗೆ ಬಂದು ನುಡಿಸಿ ಹೋದವರಲ್ಲಿ. ವಿಡಿಯೊದ ಕೆಳಗಿನ ವಿವರಣೆಯನ್ನು ಬಿಚ್ಚಿ ಓದಿ. ಡ್ರಮ್ಸ್ ಯಾರು, ರೆಕಾರ್ಡಿಂಗ್ ಎಲ್ಲಿ, ಮಿಕ್ಸಿಂಗ್ ಯಾರು ಎಂದು ಬರೆದಿರುತ್ತದೆ. ಒಬ್ಬ ಡ್ರಮ್ಮರ್ ನಾಲ್ಕು ಬ್ಯಾಂಡ್‌ಗಳಲ್ಲಿ ಇರುವುದು ನಮ್ಮಲ್ಲಿ ಮಾಮೂಲಿ.

ಕನ್ನಡ ಹಾಡು ಹುಡುಕುವಾಗ ಇನ್ನೊಂದು ಕೀಟಲೆ ಇದೆ. ಶೀರ್ಷಿಕೆಯನ್ನು ಇಂಗ್ಲಿಷ್ ಅಕ್ಷರದಲ್ಲಿ ಬ್ಯಾಂಡಿನವರು ಹೇಗೆ ಬರೆದಿದ್ದಾರೋ ದೇವರೇ ಬಲ್ಲ. ದೀರ್ಘಕ್ಕೆ ಒಬ್ಬರು ಎರಡು ಅಕ್ಷರ ಹಾಕುತ್ತಾರೆ, ಇನ್ನೊಬ್ಬರು ಒಂದೇ. ಮಹಾಪ್ರಾಣ ಕೆಲವರಿಗೆ ಬೇಡವೇ ಬೇಡ. ಕನ್ನಡ ಲಿಪಿಯಲ್ಲಿ ಒಮ್ಮೆ, ಇಂಗ್ಲಿಷ್ ಅಕ್ಷರದಲ್ಲಿ ಎರಡು ಮೂರು ಬಗೆಯಲ್ಲಿ ಬರೆದು ಹುಡುಕಿ. ಇದನ್ನು ಯೂಟ್ಯೂಬ್ ತಕ್ಕಮಟ್ಟಿಗೆ ಅರ್ಥ ಮಾಡಿಕೊಳ್ಳುತ್ತದೆ, ಉಳಿದವು ಅಷ್ಟಾಗಿ ಇಲ್ಲ.

ಸೌಂಡ್‌ಕ್ಲೌಡ್

ಅರ್ಧ ಬೆಂದದ್ದನ್ನು ಕೇಳುವ ಚಪಲ ಇದ್ದವರಿಗೆ. ಡೆಮೊಗಳು, ಲಿವಿಂಗ್ ರೂಮಿನಲ್ಲಿ ಫೋನಿನಲ್ಲಿ ಹಿಡಿದ ಹಾಡುಗಳು, ನಾಳೆ ಅಳಿಸಿಹಾಕಬಹುದಾದ ಮಿಕ್ಸ್‌ಗಳು. ಹಾಡಿನ ಅಲೆಯ ಚಿತ್ರದ ಮೇಲೆಯೇ, ಇಂಥ ಸೆಕೆಂಡಿನಲ್ಲಿ ಇದು ಚೆನ್ನಾಗಿದೆ ಎಂದು ಕೇಳುಗರು ಬರೆಯುವುದು ಇದರ ವಿಶೇಷ. ಅಮೆರಿಕದ ಗಾಯಕಿ ಬಿಲ್ಲಿ ಐಲಿಶ್ 2015ರಲ್ಲಿ ತನ್ನ ಮೊದಲ ಹಿಟ್ ಹಾಕಿದ್ದು ಇಲ್ಲೇ. ಹಿಪ್‌ಹಾಪ್, ಎಲೆಕ್ಟ್ರಾನಿಕ್ ಇಷ್ಟವಿದ್ದರೆ ಬನ್ನಿ. ಗಿಟಾರ್ ಬ್ಯಾಂಡ್ ಬೇಕಿದ್ದರೆ ಬ್ಯಾಂಡ್‌ಕ್ಯಾಂಪ್ ಸಾಕು. 2021ರಿಂದ ಇಲ್ಲಿ ಒಂದು ಒಳ್ಳೆಯ ಕ್ರಮ ಬಂದಿದೆ: ತಾಣದ ಮೂಲಕವೇ ದುಡ್ಡು ಮಾಡಿಕೊಳ್ಳುವ ಸ್ವತಂತ್ರ ಕಲಾವಿದರಿಗೆ, ಚಂದಾದಾರನ ದುಡ್ಡು ಅವನು ನಿಜವಾಗಿ ಕೇಳಿದ ಲೆಕ್ಕದಲ್ಲೇ ಹಂಚಿಕೆಯಾಗುತ್ತದೆ. ಸ್ಪಾಟಿಫೈನಲ್ಲಿ ಎಲ್ಲರ ದುಡ್ಡೂ ಒಂದೇ ಹುಂಡಿಗೆ ಬೀಳುತ್ತದೆ, ಹೆಚ್ಚು ಓಡಿದವರಿಗೆ ಹೆಚ್ಚು. ಅಲ್ಲಿ ನೀವು ತಿಂಗಳೆಲ್ಲ ಒಂದೇ ಸಣ್ಣ ಬ್ಯಾಂಡನ್ನು ಕೇಳಿದರೂ ನಿಮ್ಮ ದುಡ್ಡಿನ ಬಹುಪಾಲು ಹೋಗುವುದು ನೀವು ಕೇಳದೇ ಇರುವ ಸ್ಟಾರ್‌ಗಳಿಗೆ. 2024ರಿಂದ ಇನ್ನೂ ಒಂದು ಹೆಜ್ಜೆ ಮುಂದೆ: ಹನ್ನೆರಡು ತಿಂಗಳಲ್ಲಿ 1,000 ಸಲ ಓಡದ ಹಾಡಿಗೆ ಅಲ್ಲಿ ರೆಕಾರ್ಡಿಂಗ್ ರಾಯಲ್ಟಿಯೇ ಇಲ್ಲ.

ರೇಡಿಯೊ, ಮತ್ತೆ ಲೆಕ್ಕದ ಪುಸ್ತಕಗಳು

ಮನುಷ್ಯ ಆರಿಸಿದ್ದನ್ನು ಕೇಳಬೇಕು, ಆದರೆ ತಾನು ಆರಿಸುವಷ್ಟು ಪುರುಸೊತ್ತಿಲ್ಲ ಎನ್ನುವವರಿಗೆ ಆನ್‌ಲೈನ್ ರೇಡಿಯೊಗಿಂತ ಸುಖ ಬೇರೆಯಿಲ್ಲ. ಕಾಳುಮೆಣಸು ಬಿಡಿಸುತ್ತಾ, ಕಾಫಿ ಹರವುತ್ತಾ ಕೇಳಬಹುದು. ಕೆಇಎಕ್ಸ್‌ಪಿಯಲ್ಲಿ ಬೆಳಿಗ್ಗೆ 7 ಗಂಟೆ ಎಂದರೆ ನಮಗೆ ಬೇಸಿಗೆಯಲ್ಲಿ ಸಂಜೆ 7.30, ಚಳಿಗಾಲದಲ್ಲಿ ರಾತ್ರಿ 8.30. ಅವರ ಬೆಳಗಿನ ಹುರುಪು ನಮ್ಮ ಊಟದ ಹೊತ್ತಿಗೆ ಸರಿಹೊಂದುತ್ತದೆ. ತಪ್ಪಿದ ಕಾರ್ಯಕ್ರಮ ಎರಡು ವಾರ ಆರ್ಕೈವ್‌ನಲ್ಲಿ ಸಿಗುತ್ತದೆ. ಲಂಡನ್‌ನ ಎನ್‌ಟಿಎಸ್ 2011ರಿಂದ ನಡೆಯುತ್ತಿದೆ, ಅದು ಇನ್ನೂ ವಿಚಿತ್ರ ರುಚಿಯವರದ್ದು. ಕಾರ್ಯಕ್ರಮದ ಹಾಡುಗಳ ಪಟ್ಟಿ ತಾಣದಲ್ಲೇ ಇರುತ್ತದೆ, ಹಿಡಿಸಿದ್ದನ್ನು ಬರೆದಿಟ್ಟುಕೊಂಡು ಆಮೇಲೆ ಬ್ಯಾಂಡ್‌ಕ್ಯಾಂಪ್‌ನಲ್ಲಿ ಹುಡುಕಿ. ಅಂದಹಾಗೆ, ರೇಂಜ್ ಪೂರ್ತಿ ಹೋದ ದಿನ ಹೊಸ ದನಿ ಕೇಳಲು ಉಳಿಯುವುದು ಆಕಾಶವಾಣಿ ಮಡಿಕೇರಿ ಮಾತ್ರ. ಅಲ್ಲಿ ಇಂಡೀ ರಾಕ್ ಬರುವುದಿಲ್ಲ ನಿಜ, ಆದರೆ ಕೊಡವ ಮತ್ತು ಅರೆಭಾಷೆಯ ಕಾರ್ಯಕ್ರಮಗಳಲ್ಲಿ ಹೊಸ ಹೆಸರು ಕಿವಿಗೆ ಬೀಳುವುದುಂಟು.

ಲಾಸ್ಟ್.ಎಫ್‌ಎಂ ಹಾಡು ಕೇಳಿಸುವ ತಾಣವಲ್ಲ, ಕೇಳಿದ್ದರ ಲೆಕ್ಕ ಇಡುವ ತಾಣ. 2002ರಷ್ಟು ಹಳೆಯದು. ಸ್ಪಾಟಿಫೈಗೆ ಜೋಡಿಸಿದರೆ ನಿಮ್ಮ ಲೆಕ್ಕಕ್ಕೆ ಹೊಂದುವ ಇತರ ಕೇಳುಗರನ್ನು ತೋರಿಸುತ್ತದೆ. ಇದರ ದೊಡ್ಡ ಉಪಯೋಗ ಬೇರೆ: ಲೆಕ್ಕ ಯಾವ ಆ್ಯಪ್‌ಗೂ ಸೇರಿದ್ದಲ್ಲ. 2024ರಲ್ಲಿ ವಿಂಕ್ ಮ್ಯೂಸಿಕ್ ಎಂಬ ಹಾಡಿನ ಆ್ಯಪ್ ಮುಚ್ಚುತ್ತದೆ ಎಂದಾಗ ಅಲ್ಲಿ ವರ್ಷಗಟ್ಟಲೆ ಪಟ್ಟಿ ಕಟ್ಟಿದವರ ಗತಿ ಏನಾಗಿರಬೇಕು ಯೋಚಿಸಿ. ಒಂದು ಕಾಲದಲ್ಲಿ ಬ್ಯಾಂಡ್‌ಗಳೆಲ್ಲ ಹಾಡು ಹಾಕುತ್ತಿದ್ದ ಮೈಸ್ಪೇಸ್ ತಾಣದ ಕತೆ ಇನ್ನೂ ದುಃಖದ್ದು. ಸರ್ವರ್ ಬದಲಿಸುವಾಗ 2003ರಿಂದ 2015ರವರೆಗೆ ಬ್ಯಾಂಡ್‌ಗಳು ಹಾಕಿದ್ದ ಹಾಡುಗಳೆಲ್ಲ ಕಳೆದುಹೋದವು ಎಂದು 2019ರಲ್ಲಿ ಗೊತ್ತಾಯಿತು. ಸುಮಾರು ಐದು ಕೋಟಿ ಹಾಡುಗಳು. ಬೇರೆ ಪ್ರತಿ ಇಟ್ಟುಕೊಳ್ಳದ ಸಣ್ಣ ಬ್ಯಾಂಡ್‌ಗಳ ಮಟ್ಟಿಗೆ ಅದು ಪೂರ್ತಿ ಅಳಿಸಿಹೋದ ಹಾಗೆಯೇ.

ಯಾರು ಎಲ್ಲಿಗೆ

ಮಡಿಕೇರಿ, ಕುಶಾಲನಗರ, ವಿರಾಜಪೇಟೆಯ ಪೇಟೆಯೊಳಗೆ ಫೈಬರ್ ಇರುವ ಮನೆಯಲ್ಲಿ ಇದ್ದು, ತಿಂಗಳಿಗೆ ಒಂದಷ್ಟು ಖರ್ಚು ಮಾಡಬಲ್ಲಿರಾದರೆ ಸ್ಪಾಟಿಫೈ ಚಂದಾ ಇಟ್ಟುಕೊಳ್ಳಿ, ಅಲ್ಲಿ ಸಿಕ್ಕಿದ್ದರಲ್ಲಿ ತಿಂಗಳಿಗೊಂದು ಆಲ್ಬಮ್ಮನ್ನು ಬ್ಯಾಂಡ್‌ಕ್ಯಾಂಪ್‌ನಲ್ಲಿ ಕೊಳ್ಳಿ. ತೋಟದೊಳಗೆ, ರೇಂಜ್ ಆಟವಾಡುವ ಕಡೆ ಇರುವವರು ಚಂದಾ ಕಟ್ಟುವುದು ನನಗೇನೋ ನಷ್ಟವೆನಿಸುತ್ತದೆ. ಪೇಟೆಗೆ ಬಂದ ದಿನ ಬ್ಯಾಂಡ್‌ಕ್ಯಾಂಪ್‌ನಲ್ಲಿ ಕೊಂಡದ್ದನ್ನೂ ಉಚಿತವಾಗಿ ಸಿಕ್ಕಿದ್ದನ್ನೂ ಇಳಿಸಿಕೊಂಡು ಹೋಗಿ. ನಲವತ್ತು ನಿಮಿಷದ ಆಲ್ಬಮ್ 320 ಕೆಬಿಪಿಎಸ್ ಎಂಪಿ3ಯಲ್ಲಿ 96 ಎಂಬಿ, ಹತ್ತು ಆಲ್ಬಮ್ ಸೇರಿದರೂ ಒಂದು ಜಿಬಿ ಆಗುವುದಿಲ್ಲ. ಹೂಮಳೆ ಮುಗಿದ ಮೇಲೆ, ಮೇ ತಿಂಗಳಲ್ಲೇ ಮಳೆಗಾಲಕ್ಕೆ ಬೇಕಾದಷ್ಟು ಸಂಗ್ರಹಿಸಿಕೊಳ್ಳುವುದು ನನ್ನ ಕ್ರಮ. ಕಾಲೇಜಿನವರಿಗೆ ಯೂಟ್ಯೂಬ್ ಮತ್ತು ‘ನೇಮ್ ಯುವರ್ ಪ್ರೈಸ್’ ಸಾಕು. ಕನ್ನಡ, ಕೊಡವ, ಅರೆಭಾಷೆ ಮಾತ್ರ ಬೇಕೆನ್ನುವವರು ಬೇರೆಲ್ಲೂ ಅಲೆಯದೆ ಯೂಟ್ಯೂಬ್‌ನಲ್ಲೇ ಇರಿ.

ಹೋಮ್‌ಸ್ಟೇ ನಡೆಸುವವರಿಗೆ ಒಂದು ಬೇರೆ ಮಾತು ಹೇಳಬೇಕು. ಸ್ಪಾಟಿಫೈ ಚಂದಾ ಸ್ವಂತ ಬಳಕೆಗೆ ಮಾತ್ರ. ಅತಿಥಿಗಳಿಗಾಗಿ ಕ್ಯಾಂಪ್‌ಫೈರ್ ಸುತ್ತ ಸ್ಪೀಕರ್ ಹಾಕುವುದು ಅದರ ನಿಯಮಕ್ಕೆ ಹೊರಗಿನದು. 1957ರ ಕೃತಿಸ್ವಾಮ್ಯ ಕಾಯ್ದೆ ಮದುವೆಯ ಸಂಭ್ರಮಕ್ಕೆ ವಿನಾಯಿತಿ ಕೊಟ್ಟಿದೆ, ವ್ಯಾಪಾರಕ್ಕಲ್ಲ. ವ್ಯಾಪಾರದ ಜಾಗದಲ್ಲಿ ಹಾಡು ಹಾಕಲು ರೆಕಾರ್ಡಿಂಗ್ ಹಕ್ಕಿಗೆ ಪಿಪಿಎಲ್‌ನಂಥ ಸಂಸ್ಥೆ, ಸಾಹಿತ್ಯ ಮತ್ತು ರಾಗದ ಹಕ್ಕಿಗೆ ಐಪಿಆರ್‌ಎಸ್, ಹೀಗೆ ಬೇರೆ ಬೇರೆ ಕಡೆ ಅನುಮತಿ ಬೇಕಾಗುತ್ತದೆ. ಬ್ಯಾಂಡ್‌ಕ್ಯಾಂಪ್‌ನಲ್ಲಿ ಕೊಂಡ ಫೈಲಿಗೂ ಇದೇ ನಿಯಮ. ಆದರೆ ಸಣ್ಣ ಬ್ಯಾಂಡ್‌ಗಳಲ್ಲಿ ಎಷ್ಟೋ ಸಲ ಎರಡೂ ಹಕ್ಕು ಬ್ಯಾಂಡಿನವರ ಕೈಯಲ್ಲೇ ಇರುತ್ತದೆ. ಅವರು ಯಾವ ಸಂಸ್ಥೆಗೂ ಹಕ್ಕು ಒಪ್ಪಿಸಿಲ್ಲವಾದರೆ ಒಂದು ಇಮೇಲ್‌ನಲ್ಲಿ ಕೆಲಸ ಮುಗಿಯುತ್ತದೆ. ಬ್ಯಾಂಡ್‌ಕ್ಯಾಂಪ್ ಪುಟದಲ್ಲೇ ‘ಕಾಂಟ್ಯಾಕ್ಟ್’ ಎಂದಿರುತ್ತದೆ. ನಮ್ಮ ಹೋಮ್‌ಸ್ಟೇ ಇಂಥ ಊರಲ್ಲಿದೆ, ನಿಮ್ಮ ಇಂಥ ಆಲ್ಬಮ್ ಅತಿಥಿಗಳಿಗೆ ಕೇಳಿಸಬಹುದೇ, ಎಷ್ಟು ಕೊಡಬೇಕು ಎಂದು ಕೇಳಿ. ಉತ್ತರವನ್ನು ಪ್ರಿಂಟ್ ಮಾಡಿ ಫೈಲಿನಲ್ಲಿಡಿ.